ಬರೀ ಪೇಂಟ್ ಹೊಡೆದ ಬೋಟು

ಉಡುಪಿ

ಪ್ರಿಯ ಸತೀಶ,

ರಕ್ಷಣಾ ಖರ್ಚನ್ನು ವರ್ಷಗಟ್ಟಲೆ ಬಿಗಿಹಿಡಿದರೂ ಹಡಗು, ವಿಮಾನ ಇದ್ದಷ್ಟೇ ಉಂಟಲ್ಲ, ಮತ್ತೆ ನಷ್ಟ ಎಲ್ಲಿ ಅಂತ ಕೇಳಿದ್ದಿಯಲ್ಲ ಮಾರಾಯ. ಉತ್ತರ ನಮ್ಮ ಮಲ್ಪೆಯ ಮೀನುಗಾರಿಕಾ ಬಂದರಿನಲ್ಲೇ ಉಂಟು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ಮೀನುಗಾರಿಕೆ ನಿಷೇಧದಲ್ಲಿ ಬೋಟಿನ ಬುಡ ಕೆರೆಯದೆ, ಶಾಫ್ಟಿನ ಸುತ್ತ ನೀರು ತಡೆಯುವ ಪ್ಯಾಕಿಂಗ್ ಬದಲಿಸದೆ, ಇಂಜಿನ್ ಬಿಚ್ಚಿ ನೋಡದೆ, ಬರೀ ಪೇಂಟ್ ಹೊಡೆದು ಇಳಿಸು. ಬಂದರಿನಲ್ಲಿ ನಿಂತು ಎಣಿಸುವವನಿಗೆ ಬೋಟಿನ ಲೆಕ್ಕ ಸರಿಯೇ ಇರ್ತದೆ.

ಕತ್ತರಿ ಎಲ್ಲಿ ಬೀಳ್ತದೆ ಅಂದರೆ, ಸಂಬಳ, ಪಿಂಚಣಿ ಮುಟ್ಟುವ ಹಾಗಿಲ್ಲ. 2025-26ರ ಬಜೆಟ್ಟಿನ 6.81 ಲಕ್ಷ ಕೋಟಿಯಲ್ಲಿ ಪಿಂಚಣಿಯೇ 1.60 ಲಕ್ಷ ಕೋಟಿ. ಖರೀದಿಯ ದುಡ್ಡಿನಲ್ಲಿ ಹಳೆ ಒಪ್ಪಂದಗಳ ಕಂತು ಮೊದಲು ಹೋಗ್ತದೆ. 2018ರಲ್ಲಿ ಭೂಸೇನೆಯ ಉಪಮುಖ್ಯಸ್ಥರಾಗಿದ್ದ ಶರತ್ ಚಂದ್ ಸಂಸದೀಯ ಸಮಿತಿಯ ಮುಂದೆ ಇದನ್ನೇ ಬಿಡಿಸಿ ಹೇಳಿದರು: ಸಿಕ್ಕಿದ್ದು 21,338 ಕೋಟಿ, ನಡೆಯುತ್ತಿರುವ 125 ಯೋಜನೆ, ತುರ್ತು ಖರೀದಿ ಇತ್ಯಾದಿಗೆ ಕಟ್ಟಬೇಕಾದ್ದೇ 29,033 ಕೋಟಿ. ಉಪಕರಣಗಳಲ್ಲಿ ಶೇ. 68 ಹಳೆಯ ಕಾಲದ್ದು, ಅತ್ಯಾಧುನಿಕ ಎನ್ನುವಂಥದ್ದು ಶೇ. 8. ಮತ್ತೆ ಕೈಗೆ ಸುಲಭವಾಗಿ ಸಿಗುವುದು ಬಿಡಿಭಾಗ, ಮದ್ದುಗುಂಡು, ತರಬೇತಿಯ ಇಂಧನ. ಇವನ್ನು ಕಡಿದರೆ ಜನವರಿ 26ರ ಪರೇಡಿನಲ್ಲಿ ಏನೂ ಗೊತ್ತಾಗುವುದಿಲ್ಲ.

ಬಿಡಿಭಾಗದ್ದೇ ನೋಡು. ಒಂದು ವಿಮಾನದ ಹೈಡ್ರಾಲಿಕ್ ಪಂಪು ಕೆಟ್ಟಿತು ಅಂತ ಇಟ್ಟುಕೋ. ಸ್ಟೋರಿನಲ್ಲಿ ಹೊಸತಿದ್ದರೆ ಒಂದು ಬಿಚ್ಚುವುದು, ಒಂದು ಕೂರಿಸುವುದು, ಮುಗಿಯಿತು. ಇಲ್ಲದಿದ್ದರೆ ಪಕ್ಕದ ವಿಮಾನದ್ದನ್ನು ಬಿಚ್ಚಿ ಇದಕ್ಕೆ ಹಾಕಬೇಕು, ಹೊಸತು ಬಂದ ಮೇಲೆ ಅದಕ್ಕೆ ಹಾಕಬೇಕು. ಬಿಚ್ಚುವುದು ಎರಡು, ಕೂರಿಸುವುದು ಎರಡು, ಪರೀಕ್ಷೆಯೂ ಎರಡು. ಪ್ರತಿ ಸಲ ಸೀಲು ಹೊಸತೇ ಬೇಕು. ತೆರೆದ ಪೈಪಿನ ಬಾಯಿಗೆ ಮುಚ್ಚಳ ಹಾಕಲು ಮರೆತರೆ ಧೂಳು ಒಳಗೆ ಹೋಗಿ ವಾಲ್ವು ಕೆಡ್ತದೆ. ಆ ಪಂಪು ಎಷ್ಟು ಗಂಟೆ ಓಡಿದೆ ಎಂಬ ದಾಖಲೆಯೂ ಅದರ ಜೊತೆಗೇ ದಾಟಬೇಕು. ತಪ್ಪಿದರೆ ಆಯುಷ್ಯ ಮುಗಿದ ಪಂಪು ಆಕಾಶದಲ್ಲಿ ತಿರುಗುತ್ತಿರ್ತದೆ. ಪಂಪು ಕೊಟ್ಟ ವಿಮಾನದಿಂದ ನಾಳೆ ಜನರೇಟರ್ ಹೋಗ್ತದೆ, ನಾಡಿದ್ದು ಚಕ್ರ. ಡಿಪೋ ಮೂಲೆಯ ಬಸ್ಸು ನೋಡಿದ್ದೀಯಲ್ಲ, ಹಾಗೆ. ಪಟ್ಟಿಯಲ್ಲಿ ಮಾತ್ರ ಅದೂ ಒಂದು ವಿಮಾನ.

ಜರ್ಮನಿಯಂಥ ದೇಶಕ್ಕೂ ಇದು ತಪ್ಪಲಿಲ್ಲ. 2017ರ ಅಕ್ಟೋಬರಿನಲ್ಲಿ ನಾರ್ವೆಯ ಹತ್ತಿರ ಒಂದು ಜಲಾಂತರ್ಗಾಮಿಯ ಚುಕ್ಕಾಣಿಗೆ ಪೆಟ್ಟಾಯಿತು. ಉಳಿದ ಐದೂ ಆಗಲೇ ಕೆಲಸಕ್ಕಿಲ್ಲದೆ ನಿಂತಿದ್ದವು. ಆರಕ್ಕೆ ಆರೂ ದಡ ಸೇರಿದವು. ದುಡ್ಡು ಉಳಿಸಲು ಬಿಡಿಭಾಗದ ದಾಸ್ತಾನು ಕಡಿಮೆ ಮಾಡಿದ್ದರ ಫಲ ಅದು.

ತರಬೇತಿಯ ಕೊರತೆ ಇನ್ನೂ ನಿಧಾನಕ್ಕೆ ಕಾಣುವಂಥದ್ದು. 2017ರಲ್ಲಿ ಅಮೆರಿಕದ ಫಿಟ್ಜೆರಾಲ್ಡ್, ಮೆಕೇನ್ ಯುದ್ಧನೌಕೆಗಳು ಎರಡು ತಿಂಗಳ ಅಂತರದಲ್ಲಿ ವ್ಯಾಪಾರಿ ಹಡಗುಗಳಿಗೆ ಡಿಕ್ಕಿಯಾಗಿ 17 ನಾವಿಕರು ಸತ್ತರು. ಆ ವರ್ಷದ ಜೂನ್ ಹೊತ್ತಿಗೆ ಜಪಾನಿನಲ್ಲಿ ನೆಲೆಯಿದ್ದ ಕ್ರೂಸರ್, ಡಿಸ್ಟ್ರಾಯರ್ ಸಿಬ್ಬಂದಿಯ ಯುದ್ಧ ಅರ್ಹತಾಪತ್ರಗಳಲ್ಲಿ ಶೇ. 37ರ ಅವಧಿ ಮುಗಿದಿತ್ತು. ಎಲ್ಲವನ್ನೂ ದುಡ್ಡಿನ ಮೇಲೆ ಹೊರಿಸುವುದು ಸರಿಯಲ್ಲ, ಬ್ರಿಜ್ಜಿನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಂತವರ ತಪ್ಪೂ ಇತ್ತು. ಆದರೆ ಹಡಗು ಕಡಿಮೆಯಾದರೂ ಗಸ್ತು ಕಡಿಮೆಯಾಗಿರಲಿಲ್ಲ. ಕಲಿಯಲಿಕ್ಕೆ ಬಿಡುವು ಎಲ್ಲಿಂದ?

ಇನ್ನು ಮದ್ದುಗುಂಡು. ಸರ್ಕಾರದ ಲೆಕ್ಕ ತಪಾಸಣೆ ಮಾಡುವ ನಮ್ಮ ಸಿಎಜಿ 2017ರ ವರದಿಯಲ್ಲಿ ಬರೆದದ್ದು ನೆನಪುಂಟಾ? ಗುರಿ 40 ದಿನದ ತೀವ್ರ ಯುದ್ಧಕ್ಕೆ ಬೇಕಾದಷ್ಟು. 2016ರ ಸೆಪ್ಟೆಂಬರಿನಲ್ಲಿ ಶೇ. 40 ಬಗೆಗಳು 10 ದಿನಕ್ಕೂ ಸಾಲುವಷ್ಟಿರಲಿಲ್ಲ. ಆಮೇಲೆ ತುರ್ತು ಖರೀದಿ ಮಾಡಿದರು ಅನ್ನು. ಆದರೆ ಬೇಡಿಕೆಯೇ ಇಲ್ಲದೆ ಕಾರ್ಖಾನೆಯ ಲೈನು ನಿಂತಿದ್ದರೆ ಯಾವ ತುರ್ತು ಖರೀದಿಯೂ ನಡೆಯುವುದಿಲ್ಲ. ಅಮೆರಿಕದಲ್ಲಿ ಸ್ಟಿಂಗರ್ ಕ್ಷಿಪಣಿಯನ್ನು ಮತ್ತೆ ಮಾಡಲು ಹೊರಟಾಗ, ಹೇಗೆ ಜೋಡಿಸುವುದೆಂದು ಕಲಿಸಲು ಎಪ್ಪತ್ತು ದಾಟಿದ ನಿವೃತ್ತ ಇಂಜಿನಿಯರುಗಳನ್ನು ಮನೆಯಿಂದ ಕರೆಸಬೇಕಾಯಿತು. ಯುರೋಪು 2023ರ ಮಾರ್ಚಿನಲ್ಲಿ ಉಕ್ರೇನಿಗೆ ಒಂದು ವರ್ಷದಲ್ಲಿ 10 ಲಕ್ಷ ಫಿರಂಗಿ ಗುಂಡು ಕೊಡ್ತೇವೆ ಅಂದಿತ್ತು. ವರ್ಷ ತುಂಬಿದಾಗ ಅರ್ಧದಷ್ಟು ತಲುಪಿತ್ತು. ದುಡ್ಡಿಗೆ ಕೊರತೆ ಇರಲಿಲ್ಲ ಅಲ್ಲಿ, ಕಾರ್ಖಾನೆಯ ಲೈನುಗಳೇ ಸಾಲಲಿಲ್ಲ.

ಫೆಬ್ರವರಿಯಲ್ಲಿ ಬಜೆಟ್ ಬಂದಾಗ ಟಿವಿಯವರು ಒಟ್ಟು ಮೊತ್ತ ಕೂಗ್ತಾರೆ. ನೀನು ರಾಜಸ್ವ ಖರ್ಚಿನೊಳಗಿನ, ಅಂದರೆ ದಿನನಿತ್ಯ ನಡೆಸುವ ಖರ್ಚಿನೊಳಗಿನ, ‘ಸ್ಟೋರ್ಸ್’ ಎಂಬ ಸಾಲು ಹುಡುಕು, ಹಿಂದಿನ ವರ್ಷದ ಪರಿಷ್ಕೃತ ಅಂದಾಜಿನ (ವರ್ಷದ ನಡುವೆ ತಿದ್ದಿದ ಲೆಕ್ಕದ) ಪಕ್ಕ ಇಟ್ಟು ನೋಡು. ಗೊತ್ತಾಗದಿದ್ದರೆ ಫೋನು ಮಾಡು.

ನಿನ್ನ,
ಗಣೇಶ