ಬೆಟ್ಟ ಹತ್ತುವ ಹಳೇ ಕಾರಿಗೆ ಪೆಟ್ರೋಲ್ ಜಾಸ್ತಿ ಅಲ್ಲ, ಕಮ್ಮಿ ಬೇಕು

ಮಾನ್ಯ ಸಂಪಾದಕರೇ,

ಹಳೇ ಕಾರುಗಳನ್ನು ಎತ್ತರದ ಬೆಟ್ಟದ ರಸ್ತೆಗೆ ಒಯ್ಯುವ ಬಗ್ಗೆ ಕಳೆದ ವಾರ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯ ಕನ್ನಡದಲ್ಲಿ ಓದಲು ಸಿಗುವುದೇ ಅಪರೂಪ, ಆ ಖುಷಿ ಮೊದಲು ಹೇಳಿಬಿಡುತ್ತೇನೆ. ಬ್ರೇಕು, ಟೈರು, ಫ್ಯಾನ್ ಬೆಲ್ಟ್ ಬಗ್ಗೆ ಬರೆದದ್ದೆಲ್ಲ ಸರಿ ಇದೆ. ಆದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರ್ ವಿಷಯಕ್ಕೆ ಬಂದಾಗ ಲೇಖನ ತಲೆಕೆಳಗಾಗಿದೆ. ಮೇಲೆ ಗಾಳಿ ಕಮ್ಮಿ, ಎಂಜಿನ್ ಸೊರಗುತ್ತದೆ, ಅದಕ್ಕೆ ಮಿಕ್ಸ್ಚರ್ ಸ್ವಲ್ಪ ರಿಚ್ ಮಾಡಿಕೊಳ್ಳಿ, ಅಂದರೆ ಗಾಳಿಗೆ ಬೆರೆಯುವ ಪೆಟ್ರೋಲ್ ಹೆಚ್ಚಿಸಿ, ಎಂದು ಅದರಲ್ಲಿದೆ. ಮಾಡಬೇಕಾದ್ದು ಇದರ ಉಲ್ಟಾ.

ಇದನ್ನು ಓದಿ ನಗಲಿಲ್ಲ. ಯಾಕೆಂದರೆ ಇದೇ ತಪ್ಪನ್ನು ನಾನೇ ಮಾಡಿದ್ದೇನೆ. ನನ್ನ ಕಾರಿಗೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಮೊದಲ ಸಲ 2,400 ಮೀಟರ್ ಎತ್ತರಕ್ಕೆ ಹೊರಟಾಗ ಅರ್ಧ ದಾರಿಯಲ್ಲೇ ಗಾಡಿ ತಿಣುಕಾಡತೊಡಗಿತು. ಪಾಪ, ಪೆಟ್ರೋಲ್ ಸಾಲುತ್ತಿಲ್ಲ ಅಂದುಕೊಂಡು ಪೆಟ್ರೋಲ್ ಪಾಲು ಏರಿಸುವ ಚೋಕ್ ಒಂಚೂರು ಎಳೆದೆ. ಹಿಂದೆ ಕಪ್ಪು ಹೊಗೆ, ಮುಂದೆ ಮಿಸ್ಸಿಂಗ್, ಇನ್ನೆರಡು ತಿರುವು ದಾಟುವಷ್ಟರಲ್ಲಿ ಗಾಡಿ ನಿಂತೇ ಹೋಯಿತು. ಪ್ಲಗ್ ಬಿಚ್ಚಿದರೆ ನಾಲ್ಕಕ್ಕೆ ನಾಲ್ಕೂ ಇದ್ದಿಲಿನ ಹಾಗೆ ಮಸಿ. ಹೊಟ್ಟೆ ತುಂಬಿ ಉಸಿರಾಡಲು ಕಷ್ಟಪಡುತ್ತಿದ್ದವನ ಬಾಯಿಗೆ ಇನ್ನೊಂದು ತುತ್ತು ತುರುಕಿದ್ದೆ ನಾನು.

ಯಾಕೆ ಹೀಗಾಗುತ್ತದೆ ಅನ್ನುವುದು ಅಷ್ಟೇನೂ ಕಷ್ಟದ ವಿಷಯ ಅಲ್ಲ. ಮೇಲೆ ಆಮ್ಲಜನಕದ ಪಾಲು ಕಮ್ಮಿ ಆಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಪಾಲು ಅಷ್ಟೇ ಇರುತ್ತದೆ, ಶೇ 21. ತೆಳುವಾಗುವುದು ಇಡೀ ಗಾಳಿ. ಸಮುದ್ರ ಮಟ್ಟಕ್ಕೆ ಹೋಲಿಸಿದರೆ 2,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸುಮಾರು ಶೇ 82, 3,000 ಮೀಟರಿನಲ್ಲಿ ಶೇ 74. ಎಂಜಿನ್ ಪ್ರತಿ ಸುತ್ತಿಗೆ ಎಳೆದುಕೊಳ್ಳುವ ಗಾಳಿಯ ಗಾತ್ರ ಬದಲಾಗುವುದಿಲ್ಲ, ಅದರ ತೂಕ ಇಳಿಯುತ್ತದೆ. ಆದರೆ ಜೆಟ್ಟಿನಿಂದ, ಅಂದರೆ ಕಾರ್ಬುರೇಟರಿನ ಸಣ್ಣ ತೂತಿನಿಂದ, ಬರುವ ಪೆಟ್ರೋಲ್ ಅದೇ ಲೆಕ್ಕದಲ್ಲಿ ಇಳಿಯುವುದಿಲ್ಲ. ಗಾಳಿ ಹಾಯುವ ಕಿರಿದಾದ ಕುತ್ತಿಗೆಯಲ್ಲಿ (ವೆಂಚುರಿ) ಹುಟ್ಟುವ ಎಳೆತಕ್ಕೆ ತಕ್ಕಂತೆ ಪೆಟ್ರೋಲ್ ಬರುತ್ತದೆ, ಅದು ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ ಇಳಿಯುತ್ತದೆ. ಅಂದರೆ ಗಾಳಿ ಶೇ 18 ಕಮ್ಮಿ ಆದ ಕಡೆ ಪೆಟ್ರೋಲ್ ಕಮ್ಮಿ ಆಗುವುದು ಬರೀ ಶೇ 9ರಷ್ಟು. ಉಳಿದದ್ದು ಹೆಚ್ಚುವರಿ. ಒಂದು ಸಾವಿರ ಮೀಟರ್ ಹತ್ತಿದರೆ ಮಿಕ್ಸ್ಚರ್ ಸುಮಾರು ಶೇ 5ರಷ್ಟು ರಿಚ್ ಆಗುತ್ತದೆ ಎಂದು ನೆನಪಿಟ್ಟುಕೊಂಡರೆ ಸಾಕು, ಕ್ಯಾಲ್ಕ್ಯುಲೇಟರ್ ಬೇಡ.

ಎಸ್‌ಯು ಮತ್ತು ಸ್ಟ್ರಾಂಬರ್ಗ್ ಕಾರ್ಬುರೇಟರ್ ಇಟ್ಟುಕೊಂಡವರು ಇಲ್ಲಿ ಒಂದು ಮಾತು ಹೇಳುವುದುಂಟು. ನಮ್ಮ ಕಾರ್ಬುರೇಟರಿನೊಳಗೇ ಒಂದು ಪಿಸ್ಟನ್ ತಾನೇ ಏರಿಳಿಯುತ್ತದಲ್ಲ, ಹಾಗಾಗಿ ಎತ್ತರಕ್ಕೆ ಅದೇ ಹೊಂದಿಕೊಳ್ಳುತ್ತದೆ ಅಂತ. ಇಲ್ಲ ಸ್ವಾಮಿ. ಆ ಪಿಸ್ಟನ್‌ಗೆ ಗೊತ್ತಾಗುವುದು ಗಾಳಿಯ ಹರಿವಿನ ಎಳೆತ, ಗಾಳಿಯ ತೂಕ ಅಲ್ಲ. ಮೇಲೆ ಹೋದಾಗ ಅದು ಸ್ವಲ್ಪ ಕೆಳಗೆ ಕೂರುತ್ತದೆ ನಿಜ, ಆದರೂ ಲೆಕ್ಕ ಹಾಕಿದರೆ ಅಂಥ ಪಿಸ್ಟನ್ ಇಲ್ಲದ ವೆಬರ್ ಆಗಲಿ ಸೋಲೆಕ್ಸ್ ಆಗಲಿ ಎಷ್ಟು ರಿಚ್ ಆಗುತ್ತದೋ ಇದೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ.

ಇನ್ನು ಶಕ್ತಿಯ ಮಾತು. ಲೇಖನ ಓದಿದರೆ, ಸರಿಯಾಗಿ ಟ್ಯೂನ್ ಮಾಡಿದರೆ ಹೋದ ಪಿಕಪ್ ಎಲ್ಲ ವಾಪಸ್ ಬರುತ್ತದೆ ಅನ್ನಿಸುತ್ತದೆ. ಬರುವುದಿಲ್ಲ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರಿಗೆ ಸುಮಾರು ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೆಳಗೆ 40 ಎಚ್‌ಪಿ ಕೊಡುವ ಎಂಜಿನ್ 3,000 ಮೀಟರಿನಲ್ಲಿ 30ಕ್ಕಿಂತ ಕೆಳಗೇ ಇರುತ್ತದೆ, ನೀವು ಎಷ್ಟೇ ಸ್ಕ್ರೂ ತಿರುಗಿಸಿ. ಗಾಳಿಯೇ ಇಲ್ಲದ ಮೇಲೆ ಜೆಟ್ ಏನು ಮಾಡೀತು? ಟ್ಯೂನಿಂಗ್‌ನಿಂದ ಸಿಗುವುದು ಮಿಕ್ಸ್ಚರ್ ಕೆಟ್ಟಿದ್ದರಿಂದ ಹೋದ ಪಾಲು ಮಾತ್ರ. ನಿಂತಲ್ಲಿ ಸರಿಯಾಗಿ ಓಡುವುದು, ಆಕ್ಸಿಲರೇಟರ್ ಒತ್ತಿದಾಗ ಮುಗ್ಗರಿಸದಿರುವುದು, ಪ್ಲಗ್ ಮಸಿ ಹಿಡಿಯದಿರುವುದು, ಮೈಲೇಜ್ ತೀರಾ ಬೀಳದಿರುವುದು. ಇದೇನು ಸಣ್ಣ ಲಾಭ ಅಲ್ಲ. ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುವುದೂ ತಪ್ಪುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ನನ್ನ ಅಭಿಪ್ರಾಯ ಕೇಳಿದರೆ, ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಪ್ರಯಾಣಕ್ಕೆ ಏನನ್ನೂ ಮುಟ್ಟಬೇಡಿ. 2,000 ಮೀಟರ್‌ವರೆಗೆ ಒಳ್ಳೆಯ ಸ್ಥಿತಿಯಲ್ಲಿರುವ ಗಾಡಿ ಸ್ವಲ್ಪ ಗೊಣಗಿಕೊಂಡಾದರೂ ಹತ್ತುತ್ತದೆ. ಐಡಲ್, ಅಂದರೆ ಗಾಡಿ ನಿಂತಾಗ ಎಂಜಿನ್ ಓಡುವ ವೇಗ, ಇಳಿದಿದ್ದರೆ ಥ್ರಾಟಲ್ ಸ್ಟಾಪ್ ಸ್ಕ್ರೂ ಕಾಲು ಸುತ್ತು ಕೊಡಿ, ಸಾಕು. ಆದರೆ ಮೇಲೇ ನಾಲ್ಕಾರು ದಿನ ಇರುವುದಾದರೆ, ಇಲ್ಲವೇ 3,000 ದಾಟುವುದಾದರೆ, ಆಗ ಕೈ ಹಾಕುವುದರಲ್ಲಿ ಅರ್ಥವಿದೆ.

ವೆಬರ್, ಸೋಲೆಕ್ಸ್ ಥರದವುಗಳಲ್ಲಿ ಮೇನ್ ಜೆಟ್ ಬದಲಿಸಬೇಕು. ಬರೀ ಮಿಕ್ಸ್ಚರ್ ಸ್ಕ್ರೂ ತಿರುಗಿಸಿದರೆ ಐಡಲ್ ಸರಿಹೋಗುತ್ತದೆ, ಏರು ಹತ್ತುವಾಗ ಏನೂ ಬದಲಾಗುವುದಿಲ್ಲ. ಈ ಜೆಟ್‌ಗಳ ಮೇಲಿನ ನಂಬರ್ ತೂತಿನ ಅಳತೆ, ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ. 135 ಅಂದರೆ 1.35 ಮಿ.ಮೀ. ತೂತಿನ ಅಗಲ ಸ್ವಲ್ಪ ಇಳಿದರೂ ಹರಿಯುವ ಪೆಟ್ರೋಲ್ ಅದರ ಎರಡರಷ್ಟು ಇಳಿಯುತ್ತದೆ ಅನ್ನುವುದನ್ನು ಮರೆಯಬಾರದು. 135ರ ಜಾಗಕ್ಕೆ 2,000 ಮೀಟರಿನಲ್ಲಿ 130 ಸಾಕು, 3,000ದಲ್ಲಿ 125. ಮಿಕ್ಸ್ಚರ್ ಶೇ 15 ರಿಚ್ ಆಗಿದೆ ಎಂದು ಜೆಟ್ ನಂಬರನ್ನೂ ಶೇ 15 ಇಳಿಸಿ 115 ಹಾಕಿಬಿಟ್ಟರೆ ಗಾಡಿ ಒಣಗಿ ಹೋಗುತ್ತದೆ. ಕೆಲವು ಕಂಪನಿಗಳ ಜೆಟ್ ನಂಬರ್ ಅಳತೆ ಅಲ್ಲ, ನಿಮಿಷಕ್ಕೆ ಎಷ್ಟು ಹರಿಯುತ್ತದೆ ಅನ್ನುವ ಲೆಕ್ಕ. ಅಮಾಲ್ ಹಾಗೆ. ಅದರಲ್ಲಿ ಈ ಎರಡರ ಲೆಕ್ಕ ಬರುವುದಿಲ್ಲ. ವೆಬರ್‌ನ ಡಿಸಿಒಇ ಮಾದರಿ ಇದ್ದವರು ಐಡಲ್ ಜೆಟ್ ಕೂಡ ನೋಡಬೇಕು, ಯಾಕೆಂದರೆ ಸಾವಕಾಶ ಓಡಿಸುವಾಗ ಆ ಕಾರ್ಬುರೇಟರ್ ಬಹಳ ಹೊತ್ತು ಐಡಲ್ ಜೆಟ್ಟಿನ ಮೇಲೇ ನಡೆಯುತ್ತದೆ. ಪೆಟ್ರೋಲಿಗೆ ಗಾಳಿ ಬೆರೆಸುವ ಎಮಲ್ಶನ್ ಟ್ಯೂಬ್‌ಗೆ ಮಾತ್ರ ಕೈ ಹಚ್ಚಬೇಡಿ.

ಎಸ್‌ಯುನಲ್ಲಿ ಜೆಟ್ ಕೆಳಗಿನ ನಟ್ ಇದೆಯಲ್ಲ, ಅದನ್ನು ಮೇಲಕ್ಕೆ ತಿರುಗಿಸಿದರೆ ಜೆಟ್ ಮೇಲೇರಿ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಇಳಿಯುತ್ತದೆ. ಎಷ್ಟು ಫ್ಲಾಟ್ (ನಟ್ಟಿನ ಒಂದೊಂದು ಮುಖ) ತಿರುಗಿಸಬೇಕು ಎಂದು ಕೇಳಬೇಡಿ, ಗಾಡಿಯನ್ನೇ ಕೇಳಿ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಕಾರ್ಬುರೇಟರಿನ ಪಿಸ್ಟನ್ನನ್ನು ಅದರ ಪಿನ್‌ನಿಂದ ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಿ. ಎಂಜಿನ್ ವೇಗ ಏರಿ ಹಾಗೇ ನಿಂತರೆ ಇನ್ನೂ ರಿಚ್. ಎಂಜಿನ್ ಆರಿಹೋಗುವ ಹಾಗಾದರೆ ಲೀನ್. ಚೂರು ಏರಿ ಮತ್ತೆ ಮೊದಲಿನ ಹಾಗಾದರೆ ಸರಿ. ಎರಡು ಕಾರ್ಬುರೇಟರ್ ಇದ್ದರೆ ಎರಡನ್ನೂ ಸಮನಾಗಿ ತಿರುಗಿಸಿ, ಎಷ್ಟು ಫ್ಲಾಟ್ ಅನ್ನುವುದನ್ನು ಬರೆದಿಡಿ. ನೆನಪಿನಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ, ಬರೆದಿಡಿ. ಎರಡರ ನಡುವಿನ ಲಿಂಕೇಜ್ ಬಿಚ್ಚುವ ಅಗತ್ಯವಿಲ್ಲ, ಎತ್ತರಕ್ಕೂ ಅದಕ್ಕೂ ಸಂಬಂಧ ಇಲ್ಲ. ಮೇಲೇ ತಿಂಗಳುಗಟ್ಟಲೆ ಇರುವವರಿಗೆ ನಟ್ ತಿರುಗಿಸುವುದಕ್ಕಿಂತ ಲೀನ್ ನೀಡಲ್ (ಜೆಟ್ಟಿನೊಳಗೆ ಇಳಿಯುವ ಸೂಜಿ) ಹಾಕುವುದೇ ಮೇಲು.

ಬರೆದಿಡಿ ಎಂದು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಇನ್ನೊಂದು ಸಲ ಮೇಲಿದ್ದಾಗ ಒಬ್ಬ ಮೆಕ್ಯಾನಿಕ್ ಕೈಗೆ ಗಾಡಿ ಕೊಟ್ಟೆ. ಅವರು ಚೆಂದಾಗಿ ಲೀನ್ ಮಾಡಿಕೊಟ್ಟರು, ಅಲ್ಲಿ ಗಾಡಿ ಹೂವಿನ ಹಾಗೆ ಓಡಿತು. ಎಷ್ಟು ತಿರುಗಿಸಿದರು ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಳಿಯುವಾಗಲೂ ಏನೂ ಆಗಲಿಲ್ಲ, ಏಕೆಂದರೆ ಇಳಿಜಾರಿನಲ್ಲಿ ಕಾಲು ಆಕ್ಸಿಲರೇಟರ್ ಮೇಲೆ ಇರುವುದೇ ಇಲ್ಲ ಅಲ್ವಾ. ಆಟ ಶುರುವಾಗಿದ್ದು ಕೆಳಗೆ ಬಂದು ಬಯಲಿನಲ್ಲಿ ಒಂದೇ ಸಮನೆ ಜೋರಾಗಿ ಓಡಿಸಿದಾಗ. ಕಾರ್ಬುರೇಟರ್ ಮೂಲಕ ಪಟ್ ಪಟ್ ಎಂದು ಉಗುಳಿತು, ಬಿಸಿಯ ಮುಳ್ಳು ಮೇಲೇರಿತು, ಏನೋ ಹಳೇ ಗಾಡಿ ಎಂದು ನಾನು ಓಡಿಸುತ್ತಲೇ ಹೋದೆ, ಮನೆ ಮುಟ್ಟಿ ಕೆಲವು ದಿನಕ್ಕೆ ಒಂದು ಸಿಲಿಂಡರಿನಲ್ಲಿ ಕಂಪ್ರೆಶನ್ ಇಲ್ಲ. ಎಗ್ಸಾಸ್ಟ್ ವಾಲ್ವ್ ಸುಟ್ಟಿತ್ತು. ರಿಚ್ ಆದ ಗಾಡಿ ಮಸಿ ಕೊಡುತ್ತದೆ, ಒರೆಸಿಕೊಂಡು ಮುಂದೆ ಹೋಗಬಹುದು. ಲೀನ್ ಆದದ್ದು ಹೆಡ್ ಬಿಚ್ಚಿಸುತ್ತದೆ. ಹಾಗಾಗಿ ಟ್ಯೂನ್ ಮಾಡುವಾಗ ಯಾವಾಗಲೂ ಒಂಚೂರು ರಿಚ್ ಕಡೆಗೇ ಬಿಡಿ, ಮೇಲೆ 130 ಮತ್ತು 125ರ ನಡುವೆ ಅನುಮಾನ ಬಂದರೆ 130 ಹಾಕಿ.

ಇಗ್ನಿಶನ್ ಟೈಮಿಂಗ್, ಅಂದರೆ ಪ್ಲಗ್ಗಿನ ಕಿಡಿ ಹಾರುವ ಹೊತ್ತಿನ ಬಗ್ಗೆ ಲೇಖನದಲ್ಲಿ ಒಂದು ಅಕ್ಷರವೂ ಇಲ್ಲ. ತೆಳು ಗಾಳಿಯಲ್ಲಿ ಮಿಶ್ರಣ ನಿಧಾನ ಉರಿಯುತ್ತದೆ, ನಾಕಿಂಗ್ (ಎಂಜಿನ್ ಕುಟ್ಟುವುದು) ಭಯವೂ ಕಮ್ಮಿ. ಅಮೆರಿಕದ ರಾಕಿ ಪರ್ವತ ಪ್ರದೇಶದಲ್ಲಿ ನಾಕಿಂಗ್ ತಡೆಯುವ ಶಕ್ತಿ ಕಮ್ಮಿ ಇರುವ 85 ಆಕ್ಟೇನ್ ಪೆಟ್ರೋಲ್ ಬಳಕೆಗೆ ಬಂದದ್ದು ಇದೇ ಕಾರಣಕ್ಕೆ. ಮೇಲೆ ಎರಡು ಮೂರು ಡಿಗ್ರಿ ಅಡ್ವಾನ್ಸ್ ಕೊಟ್ಟರೆ, ಅಂದರೆ ಕಿಡಿ ಚೂರು ಮೊದಲೇ ಹಾರುವಂತೆ ಮಾಡಿದರೆ, ಗಾಡಿ ಸ್ವಲ್ಪ ಚುರುಕಾಗುತ್ತದೆ. ಇದನ್ನೂ ಇಳಿದ ಮೇಲೆ ವಾಪಸ್ ಮಾಡಬೇಕು, ಮರೆತರೆ ಎಂಜಿನ್ ಕುಟ್ಟುತ್ತದೆ. ಎಂಜಿನ್ನಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಇಟ್ಟುಕೊಂಡು ಟ್ಯೂನ್ ಮಾಡುವವರಿಗೆ ಒಂದು ಮಾತು, ಪ್ರತಿ 300 ಮೀಟರಿಗೆ ಮುಳ್ಳು ಸುಮಾರು ಒಂದು ಇಂಚು (ಪಾದರಸದ ಲೆಕ್ಕದಲ್ಲಿ) ಇಳಿಯುತ್ತದೆ. ಕೆಳಗೆ 19 ತೋರಿಸುತ್ತಿದ್ದದ್ದು ಮೇಲೆ 12 ತೋರಿಸಿತು ಎಂದು ಪಿಸ್ಟನ್ ರಿಂಗ್ ಹೋಯಿತು ಅಂತ ಗಾಬರಿಯಾಗಬೇಡಿ.

ಎಲ್ಲ ತಪ್ಪನ್ನೂ ಕಾರ್ಬುರೇಟರ್ ಮೇಲೆ ಹೊರಿಸುವುದೂ ಸರಿಯಲ್ಲ. ಎತ್ತರದಲ್ಲಿ ಪೆಟ್ರೋಲ್ ಬೇಗ ಆವಿಯಾಗುತ್ತದೆ, ಪಂಪಿನಲ್ಲಿ, ಪೈಪಿನಲ್ಲಿ ಆ ಆವಿ ಪೆಟ್ರೋಲನ್ನು ತಡೆದು ವೇಪರ್ ಲಾಕ್ ಆದರೆ ನೀವು ಯಾವ ಜೆಟ್ ಹಾಕಿದರೂ ಅಷ್ಟೇ. ತಂಪು, ತೇವದ ಹವೆಯಲ್ಲಿ ಕಾರ್ಬುರೇಟರ್ ಒಳಗೇ ಮಂಜುಗಡ್ಡೆ ಕಟ್ಟುವುದುಂಟು. ಗಾಡಿ ಸೊರಗಿ ನಿಂತು, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದಾಗ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿದರೆ ಇದನ್ನು ಅನುಮಾನಿಸಿ. ಇನ್ನೂ ಹಳೇ ಕಾರುಗಳಲ್ಲಿ ಆಟೋವ್ಯಾಕ್ ಇರುತ್ತದೆ, ಎಂಜಿನ್ನಿನ ವ್ಯಾಕ್ಯೂಮಿನಿಂದ ಪೆಟ್ರೋಲ್ ಎಳೆಯುವ ಡಬ್ಬ. ಉದ್ದದ ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿಕೊಂಡೇ ಹೋದರೆ ವ್ಯಾಕ್ಯೂಮ್ ಇರುವುದಿಲ್ಲ, ಡಬ್ಬ ಖಾಲಿ. ಆಗಾಗ ಒಂದು ಕ್ಷಣ ಕಾಲು ತೆಗೆದರೆ ಮತ್ತೆ ತುಂಬಿಕೊಳ್ಳುತ್ತದೆ. ರೇಡಿಯೇಟರ್ ಮುಚ್ಚಳಕ್ಕೆ ಪ್ರೆಶರ್ ಇಲ್ಲದ ಕಾರಾದರೆ 3,000 ಮೀಟರಿನಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ, ಅದನ್ನೂ ಲೇಖನ ಬಿಟ್ಟಿದೆ.

ನಮ್ಮ ಹಿರಿಯರು ಇದನ್ನೆಲ್ಲ ಯೋಚಿಸಿರಲಿಲ್ಲ ಎಂದಲ್ಲ. 1928ರಿಂದ 1931ರವರೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿನಲ್ಲಿ ಚೋಕ್ ಗುಬ್ಬಿಯನ್ನೇ ತಿರುಗಿಸಿ, ಸೀಟಿನಲ್ಲಿ ಕೂತಲ್ಲೇ ಮಿಕ್ಸ್ಚರ್ ಹೆಚ್ಚುಕಮ್ಮಿ ಮಾಡಬಹುದಿತ್ತು. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನ ಹಾರಿಸುವವರು ಇವತ್ತಿಗೂ ಏರುತ್ತಾ ಲಿವರ್ ಹಿಂದೆಳೆದು ಲೀನ್ ಮಾಡುತ್ತಾರೆ, ಇಳಿಯುವಾಗ ಮತ್ತೆ ಮುಂದಕ್ಕೆ ತಳ್ಳಿ ರಿಚ್ ಮಾಡುತ್ತಾರೆ. ಅವರು ಉಲ್ಟಾ ಮಾಡಿದರೆ ಏನಾಗುತ್ತದೆ ಎಂದು ನಿಮ್ಮ ಲೇಖಕರು ಒಮ್ಮೆ ಯೋಚಿಸಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಅಂಥ ಗುಬ್ಬಿ ಇಲ್ಲದ ಕಾರಿನವರಿಗೆ ರಾಜಿಯೇ ಗತಿ. ಅಮೆರಿಕದ ಪೈಕ್ಸ್ ಪೀಕ್ ಬೆಟ್ಟ ಹತ್ತುವ ಸ್ಪರ್ಧೆ 2,862 ಮೀಟರಿನಲ್ಲಿ ಶುರುವಾಗಿ 4,302 ಮೀಟರಿನಲ್ಲಿ ಮುಗಿಯುತ್ತದೆ, ದೂರ ಬರೀ 20 ಕಿ.ಮೀ. ನಡುವೆ ನಿಂತು ಜೆಟ್ ಬದಲಿಸಲು ಆಗುತ್ತದೆಯೇ? ಕಾರ್ಬುರೇಟರ್ ಇರುವವರು ಒಂದೇ ಜೆಟ್ಟಿನಲ್ಲಿ ಬುಡಕ್ಕೂ ತುದಿಗೂ ಹೊಂದಿಸಿಕೊಳ್ಳಬೇಕು.

ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟೇ, ಮುಂದಿನ ವಾರದ ವಾಹನ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಮೂಲೆಯಲ್ಲಿ ಕಣ್ಣಿಗೆ ಕಾಣದ ಅಕ್ಷರದಲ್ಲಿ ಬೇಡ, ಆ ಲೇಖನ ಬಂದ ಜಾಗದಲ್ಲೇ ಹಾಕಿ. ಹಳೇ ಕಾರಿನವರು ಇಂಥ ಲೇಖನ ಕತ್ತರಿಸಿ ಟೂಲ್ ಬಾಕ್ಸಿನಲ್ಲಿ ಇಟ್ಟುಕೊಳ್ಳುವ ಜಾತಿ, ನನ್ನ ಬಾಕ್ಸಿನಲ್ಲೂ ಅಂಥ ಹತ್ತಿಪ್ಪತ್ತು ತುಂಡುಗಳಿವೆ. ನಿಮ್ಮ ಲೇಖನವನ್ನು ಇಷ್ಟೊತ್ತಿಗೆ ಯಾರೋ ಕತ್ತರಿಸಿ ಇಟ್ಟಾಗಿರುತ್ತದೆ.

ಇಂತಿ,
ಹಳೇ ಕಾರಿನ ಒಬ್ಬ ಓದುಗ