ಇನ್ಶೂರೆನ್ಸ್ ಕೊಡದ ಖರ್ಚಿಗೆ ಮಕ್ಕಳ ನಿಧಿ ಬೇಕು

ಮಾನ್ಯ ಸಂಪಾದಕರೇ,

ನಮ್ಮಕ್ಕನ ಮಗಳಿಗೆ ಹುಟ್ಟಿದಾಗಿಂದ ಕಿವಿ ಕೇಳ್ತಿರಲಿಲ್ಲ. ಸರ್ಕಾರದ ಸ್ಕೀಮಲ್ಲೇ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಒಳಗೆ ಕೇಳಿಸೋ ಯಂತ್ರ ಕೂರಿಸೋ) ಆಪರೇಷನ್ ಆತು, ಆ ಉಪಕಾರ ಮರೆಯಂಗಿಲ್ಲ, ಆದ್ರೆ ಖರ್ಚು ಶುರು ಆಗಿದ್ದೇ ಆಮೇಲೆ, ಕಿವಿ ಹಿಂದೆ ಹಾಕೋ, ಶಬ್ದ ಹಿಡಿದು ಒಳಗೆ ಕಳಿಸೋ ಪ್ರೊಸೆಸರ್‌ದು ಕೇಬಲ್ ತುಂಡಾದ್ರೆ, ಬ್ಯಾಟರಿ ಹೋದ್ರೆ, ವಾರಂಟಿ ಮುಗಿದ್ಮೇಲೆ ಎಲ್ಲಾ ಕೈಯಿಂದಾನೇ ಹಾಕ್ಬೇಕು. ಇನ್ಶೂರೆನ್ಸ್‌ನೋರನ್ನ ಕೇಳಿದ್ರೆ ಅಡ್ಮಿಟ್ ಆದ್ರೆ ಮಾತ್ರ ಅಂತಾರೆ. ಮೊನ್ನೆ ಕೇಬಲ್ ಹೋಗಿ ಹನ್ನೊಂದು ದಿನ ಕೂಸು ಎಷ್ಟು ಕರೆದ್ರೂ ತಿರುಗ್ಲಿಲ್ಲ, ಅವರಮ್ಮನ ಬಾಯಿನೇ ನೋಡ್ಕೊಂತ ಕೂತಿರ್ತಿತ್ತು. ಸ್ಪೀಚ್ ಥೆರಪಿಗೆ ವಾರಕ್ಕೆರಡು ಸಲ ಸಂಡೂರಿಂದ ಬಳ್ಳಾರಿಗೆ ಬಸ್ಸು, ಅವತ್ತಿನ ಕೂಲಿನೂ ಹೋತು.

ಥಲಸ್ಸೀಮಿಯಾ (ಹುಟ್ಟಿನಿಂದ ಬರೋ ರಕ್ತದ ಕಾಯಿಲೆ) ಇರೋ ಮಕ್ಕಳ ಅಸ್ಥಿಮಜ್ಜೆ ಕಸಿಗೆ ಕೋಲ್ ಇಂಡಿಯಾ ಅನ್ನೋ ಸರ್ಕಾರಿ ಕಲ್ಲಿದ್ದಲು ಕಂಪ್ನಿ, ಸಮಾಜಕ್ಕಂತ ತೆಗೆದಿಡೋ ತನ್ನ ಸಿಎಸ್‌ಆರ್ ದುಡ್ಡಲ್ಲಿ 2017ರಿಂದ ಒಂದೊಂದು ಮಗುವಿಗೆ 10 ಲಕ್ಷದವರೆಗೆ ನೆರವು ಕೊಡೋ ಯೋಜನೆ ಮಾಡೈತಿ. ಅಂಥದ್ದು ನಮ್ಮಲ್ಲಿ ಯಾಕಾಗ್ಬಾರ್ದು? ನಮ್ಮ ಗುಡ್ಡ ಅಗೆದು ಅದಿರು ಒಯ್ತಾರೆ, ದೂಳು ಕುಡಿಯೋದು ನಮ್ಮ ಮಕ್ಕಳು. ಗಣಿ ಊರುಗಳ ಜನರಿಗಂತ ಗಣಿಯೋರಿಂದ ಕಟ್ಟಿಸ್ಕೊಳ್ಳೋ ಜಿಲ್ಲಾ ಖನಿಜ ಪ್ರತಿಷ್ಠಾನದ ದುಡ್ಡು ಐತಿ, ಅದರ ನಿಯಮದಲ್ಲೇ ಆರೋಗ್ಯ ಆದ್ಯತೆ ಪಟ್ಟೀಲಿ ಐತಿ, ದೊಡ್ಡ ಕಂಪ್ನಿಗಳು ಲಾಭದ ಶೇ. 2ರಷ್ಟು ಸಮಾಜಕ್ಕೆ ಖರ್ಚು ಮಾಡ್ಬೇಕಂತ 2013ರ ಕಾಯ್ದೇನೂ ಐತಿ.

ದೊಡ್ಡ ಆಸ್ಪತ್ರೆ ಕಟ್ಟಡಾನೇ ಬೇಕಂತಲ್ಲ ರೀ. ಕೇಬಲ್, ಬ್ಯಾಟರಿ, ಥೆರಪಿ ಫೀಸು, ಬಸ್ ಚಾರ್ಜು ಇಂಥದ್ದಕ್ಕೆ ಒಂದು ಸಣ್ಣ ನಿಧಿ ಇಡ್ರಿ, ಅರ್ಜಿ ತಾಲ್ಲೂಕು ಆಸ್ಪತ್ರೇಲೇ ತಗೊಳ್ರಿ, ಬಿಲ್ಲು ನೋಡಿ ನೇರ ಅಂಗಡಿಗೇ ದುಡ್ಡು ಕಟ್ರಿ. ಜಿಲ್ಲಾಧಿಕಾರಿಗಳು ಇದನ್ನ ಮುಂದಿನ ಮೀಟಿಂಗಲ್ಲಿ ಇಡ್ಬೇಕಂತ ಕೈ ಮುಗಿದು ಕೇಳ್ಕೊಂತೀನಿ.

– ಒಬ್ಬ ಓದುಗ, ಸಂಡೂರು, ಬಳ್ಳಾರಿ ಜಿಲ್ಲೆ