ಕೋಟೆ ಬಾಗಿಲ ರ‍್ಯಾಂಪ್: ತಪ್ಪು ತಳ್ಳಿದವರದ್ದಲ್ಲ, ಕಟ್ಟಿದವರದ್ದು

ಮಾನ್ಯ ಸಂಪಾದಕರೇ,

ಕೋಟೆ ಬಾಗಿಲ ಹೊಸ ರ‍್ಯಾಂಪ್‌ನಲ್ಲಿ ಭಾನುವಾರ ವೀಲ್‌ಚೇರ್ ಹಿಂದಕ್ಕೆ ಜಾರಿ ಪ್ರವಾಸಿಯೊಬ್ಬರು ಬಿದ್ದ ಸುದ್ದಿ ನಿನ್ನೆಯ ಸಂಚಿಕೆಯಲ್ಲಿದೆ. ತಳ್ಳುವವರು ಎಚ್ಚರ ತಪ್ಪಿದರು ಎಂದು ಅಧಿಕಾರಿಗಳು ಕೈತೊಳೆದುಕೊಂಡಿದ್ದಾರೆ. ಒಂದು ಟೇಪು ಹಿಡಿದು ಅಳೆದಿದ್ದರೆ ಹಾಗೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಬಾಗಿಲ ಕಟ್ಟೆ 2 ಅಡಿ ಎತ್ತರ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು, ಅಂದರೆ 24 ಅಡಿ. ಅಲ್ಲಿ ಕಟ್ಟಿರುವುದು 7 ಅಡಿ! ಟಿಕೆಟ್ ಕೌಂಟರ್‌ಗೂ ಮೆಟ್ಟಿಲಿಗೂ ನಡುವೆ ಉಳಿದಿದ್ದ ಜಾಗ ಅಷ್ಟೇ, ಅದಕ್ಕೇ ಅಷ್ಟು. ನೇರಕ್ಕೆ ಜಾಗ ಸಾಲದಿದ್ದರೆ 12 ಅಡಿಯ ಎರಡು ತುಂಡು ಮಾಡಿ, ತಿರುವಿನಲ್ಲಿ ಕುರ್ಚಿ ತಿರುಗುವಂತೆ ಕನಿಷ್ಠ 5 ಅಡಿ ಸಮತಟ್ಟು ಬಿಡಬೇಕು. ಮೇಲೆ ಹಾಸಿರುವುದು ಪಾಲಿಶ್ ಗ್ರಾನೈಟ್. ನಾಲ್ಕು ಹನಿ ಬಿದ್ದರೆ ತಳ್ಳುವವರ ಕಾಲೇ ನಿಲ್ಲುವುದಿಲ್ಲ. ಅಂಚಿಗೆ ತಡೆಕಟ್ಟೆ ಇಲ್ಲ, ಮುಂದಿನ ಸಣ್ಣ ಗಾಲಿ ಹೊರಗೆ ಜಾರಿದರೆ ಕುರ್ಚಿ ಮಗುಚುತ್ತದೆ. ಹಿಡಿಕಂಬಿ ಒಂದೇ ಪಕ್ಕಕ್ಕಿದೆ. ಪಾರ್ಶ್ವವಾಯು ಆದವರು ಹತ್ತುವಾಗ ಹಿಡಿದ ಕಂಬಿ ಇಳಿಯುವಾಗ ಸ್ವಾಧೀನವಿಲ್ಲದ ಕೈಯ ಕಡೆಗೆ ಬರುತ್ತದೆ. ಅದಕ್ಕೇ ಎರಡೂ ಪಕ್ಕಕ್ಕೆ, 76 ಮತ್ತು 90 ಸೆಂ.ಮೀ. ಎತ್ತರದಲ್ಲಿ, ಜೋಡಿ ಕಂಬಿ ಇರಬೇಕೆನ್ನುವುದು.

ಹೇಗೋ ಹತ್ತಿ ಒಳಗೆ ಹೋದರೆ ಎರಡನೇ ಬಾಗಿಲಿಗೆ ಒಂದು ಅಡಿ ಹೊಸ್ತಿಲು. ಕೇಳಿದರೆ ಸ್ಮಾರಕ, ಮುಟ್ಟುವಂತಿಲ್ಲ ಎನ್ನುತ್ತಾರೆ. ಮುಟ್ಟುವುದೇ ಬೇಡ, ಮೊಳೆಯಿಲ್ಲದೆ ತನ್ನ ಭಾರಕ್ಕೇ ಕೂರುವ ಮರದ ಅಥವಾ ಉಕ್ಕಿನ ಇಳಿಜಾರು ಇಟ್ಟು ತೆಗೆಯಬಹುದು.

ಅಂಗವಿಕಲರ ಶೌಚಾಲಯಕ್ಕೆ ಸದಾ ಬೀಗ, ಒಳಗೆ ಪೊರಕೆ, ಫಿನಾಯಿಲ್ ಕ್ಯಾನು. ಕೀಲಿ ಯಾರ ಬಳಿ ಇದೆಯೋ ಹುಡುಕಿ ತಂದರೂ ಬಾಗಿಲು ಎರಡೂವರೆ ಅಡಿ, ಅದೂ ಒಳಕ್ಕೆ ತೆರೆಯುತ್ತದೆ. ಕುರ್ಚಿ ಒಳಗೆ ಹೋದ ಮೇಲೆ ಬಾಗಿಲು ಮುಚ್ಚಲಾಗದು. ಇಡೀ ದಿನ ನೀರು ಕುಡಿಯದೆ ಕೋಟೆ ನೋಡಬೇಕೇ? ಅಂಧರಿಗೆಂದು ಹಾಕಿದ ಹಳದಿ ಟೈಲ್ಸ್ ಇನ್ನೂ ಅಪಾಯಕಾರಿ. ಉದ್ದಗೆರೆ ಇದ್ದರೆ ನಡೆ, ಚುಕ್ಕೆ ಇದ್ದರೆ ನಿಲ್ಲು ಎಂದರ್ಥ. ಇಲ್ಲಿ ದಾರಿಯುದ್ದಕ್ಕೂ ಚುಕ್ಕೆ ಹಾಸಿ, ಕೊನೆಗೆ ವಿದ್ಯುತ್ ಕಂಬದ ಬುಡಕ್ಕೆ ತಂದು ನಿಲ್ಲಿಸಿದ್ದಾರೆ. ಬ್ರೈಲ್ ಫಲಕ ಗಾಜಿನ ಹಿಂದಿದೆ. ಬೆರಳಿನಿಂದ ಓದುವ ಲಿಪಿಗೆ ಗಾಜು ಹಾಕಿದ ಪುಣ್ಯಾತ್ಮರು ಯಾರು?

ಇದೇನು ಹೊಸದಲ್ಲ. ತಾಲ್ಲೂಕು ಕಚೇರಿಯಲ್ಲಿ ಅಂಗವಿಕಲರ ಮಾಸಾಶನದ ಅರ್ಜಿ ತೆಗೆದುಕೊಳ್ಳುವುದು ಲಿಫ್ಟ್ ಇಲ್ಲದ ಮೊದಲ ಮಹಡಿಯಲ್ಲಿ. ಬಸ್ ನಿಲ್ದಾಣದ ರ‍್ಯಾಂಪ್‌ಗೆ ಅಡ್ಡಲಾಗಿ ಹಣ್ಣಿನ ಅಂಗಡಿ ಕೂತು ಎಷ್ಟು ಕಾಲವಾಯಿತೋ. ಮನವಿ ಕೊಟ್ಟಾಗಲೆಲ್ಲ ಮೇಲಿನವರಿಗೆ ಕಳಿಸಿದ್ದೇವೆ ಎಂಬ ಒಂದೇ ಉತ್ತರ, ಆ ಮೇಲಿನವರು ಯಾರೆಂದು ಇದುವರೆಗೂ ಹೇಳಿಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ, ಅದರ ನಿಯಮಗಳು 2017ರಲ್ಲಿ. ಇರುವ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ನಿಯಮ ಬಂದಂದಿನಿಂದ ಕೊಟ್ಟಿದ್ದ ಐದು ವರ್ಷದ ಗಡುವು 2022ಕ್ಕೇ ಮುಗಿದಿದೆ. ಇಳಿಜಾರು, ಕಂಬಿಯಂಥ ಸೌಲಭ್ಯಗಳ ಈ ಮಾನದಂಡಗಳು ಬರೀ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಕಾಯ್ದೆ ಮುರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡವಿದೆ.

ರ‍್ಯಾಂಪ್ ಒಡೆದು ಸರಿಯಾಗಿ ಕಟ್ಟಿಸಿ, ಬಿಲ್ ಪಾಸು ಮಾಡಿದವರನ್ನು ಹಿಡಿದು ಕೇಳಿ. ಅದಾಗದಿದ್ದರೆ ಬಾಗಿಲಲ್ಲಿ ನೇತುಹಾಕಿರುವ ‘ಎಲ್ಲರಿಗೂ ಸ್ವಾಗತ’ ಫಲಕವನ್ನಾದರೂ ಇಳಿಸಿ. ಸಂಬಂಧಪಟ್ಟವರಿಗೆ ಇನ್ನಾದರೂ ನಾಚಿಕೆಯಾಗಲಿ.

– ಕೋಟೆ ಬೀದಿಯ ನಿವಾಸಿ